ಮನೆಯ ಸಾಲ, ದೇವರ ಕರೆ

ಕೇಳುಗರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ಕ್ರೈಸ್ತರೆಂದರೆ ಮೊದಲು ನೆನಪಾಗುವುದು ಕೆ.ಜಿ.ಎಫ್. ಅಲ್ಲಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈಗ ಹುಡುಗರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಂಥ ಮನೆಯ ಹಿರಿಮಗ ಒಂದು ದಿನ, "ನಾನು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸಭೆ ಸೇರುತ್ತೇನೆ" ಅಂದರೆ? ಅಮ್ಮ ಅಳುತ್ತಾಳೆ, ಅಪ್ಪ ಮಾತು ಬಿಡುತ್ತಾನೆ. ಒಳಗೊಳಗೆ ಇಬ್ಬರಿಗೂ ಹೆಮ್ಮೆಯೂ ಇರುತ್ತದೆ ಅನ್ನಿ. ಆದರೂ ಪ್ರಶ್ನೆ ಬಂದೇ ಬರುತ್ತದೆ: ಮನೆ ಯಾರು ನೋಡ್ಕೋತಾರೆ?

ದೇವರು ಕರೆಯುವಾಗ ದುಡ್ಡಿನ ಮಾತೇಕೆ ಅಂತ ಹುಡುಗರಿಗೆ ಅನ್ನಿಸುತ್ತದೆ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನಿಗೆ ಹಾಗೆ ಅನ್ನಿಸಿಲ್ಲ. ತೀರಿಸಲಾಗದ ಸಾಲ ಹೊತ್ತವರನ್ನು ಸೇರಿಸಿಕೊಳ್ಳಬಾರದು ಅಂತ ಅದರಲ್ಲೇ ಬರೆದಿದೆ. ಇಂಜಿನಿಯರಿಂಗ್ ಓದಲು ತೆಗೆದ ಲೋನ್ ನಿಮ್ಮ ಹೆಸರಲ್ಲಿದೆ, ಸಹಿ ಅಪ್ಪನದೂ ಇದೆ. ನೀವು ಬಡತನದ ವ್ರತ ತೊಟ್ಟರೆ ಕಂತು ಯಾರ ತಲೆಗೆ ಬರುತ್ತದೆ? ಅಪ್ಪನ ತಲೆಗೇ ಅಲ್ವಾ? ಇನ್ನೊಂದು ಮಾತು. ವ್ರತ ತೊಟ್ಟ ಬ್ರದರ್ ಶಾಲೆಯಲ್ಲಿ ಪಾಠ ಮಾಡಿ ಸಂಬಳ ತಂದರೂ ಅದು ಸಭೆಗೆ ಸೇರುತ್ತದೆ. ತನ್ನಿಷ್ಟದಂತೆ ಮನೆಗೆ ಕಳಿಸಲು ಬರುವುದಿಲ್ಲ. ಹಾಗಾಗಿ ನಾನು ಹೇಳುವುದು ಸ್ವಲ್ಪ ಒರಟಾಗಿ ಕೇಳಿಸಬಹುದು: ಮೊದಲು ದುಡಿಯಿರಿ, ಸಾಲ ತೀರಿಸಿ, ತಂಗಿಯ ಓದಿಗೆ ದಾರಿ ಮಾಡಿ. ಎರಡು ವರ್ಷ ತಡವಾಗಲಿ ಬಿಡಿ. ಅಷ್ಟರಲ್ಲಿ ಆಸೆ ಆರಿಹೋದರೆ, ಮನೆಯಲ್ಲಿದ್ದಾಗಲೇ ಗೊತ್ತಾದದ್ದು ಒಳ್ಳೆಯದಾಯಿತು.

ಸೇರುವುದು ಎಲ್ಲಿಗೆ ಅನ್ನುವುದೂ ಅನೇಕರಿಗೆ ತಿಳಿದಿರುವುದಿಲ್ಲ. ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ, ಫಾದರ್ ಆ ಬಿಷಪ್ಪರಿಗೆ ವಿಧೇಯರು. ಅವರಿಗೆ ಬಡತನದ ವ್ರತ ಇರುವುದಿಲ್ಲ. ಸಭೆಯವರು ಬಡತನ, ಬ್ರಹ್ಮಚರ್ಯ, ವಿಧೇಯತೆ ಮೂರನ್ನೂ ತೊಟ್ಟು ಒಂದೇ ಮನೆಯಲ್ಲಿ ಬಾಳುತ್ತಾರೆ. ಅವರಲ್ಲಿ ಕೆಲವರು ಗುರುಗಳಾಗುತ್ತಾರೆ, ಅಂದರೆ ಫಾದರ್ ಆಗುತ್ತಾರೆ, ಕೆಲವರು ಬ್ರದರ್ ಆಗಿಯೇ ಉಳಿಯುತ್ತಾರೆ. 1209ರಲ್ಲಿ ಫ್ರಾನ್ಸಿಸ್ಕನ್ ಸಭೆ ಶುರುಮಾಡಿದ ಅಸ್ಸಿಸಿಯ ಸಂತ ಫ್ರಾನ್ಸಿಸರೇ ಗುರುವಾಗಲಿಲ್ಲ! ಚರ್ಚಿನಲ್ಲಿ ಬಲಿಪೂಜೆ (ಮಾಸ್) ಅರ್ಪಿಸುವ ಆಸೆಯೋ, ಸಹೋದರರ ಜೊತೆ ಬಾಳುವ ಆಸೆಯೋ, ಕೇಳಿಕೊಳ್ಳಿ. ಪ್ರಾರ್ಥನೆಯ ರಿಟ್ರೀಟ್‌ನಲ್ಲಿ ಹಾಡು ಕೇಳಿ ಕಣ್ಣು ತುಂಬಿತು, ಸಂತೋಷ. ಗೊರಕೆ ಹೊಡೆಯುವವರ ಪಕ್ಕ ಮಲಗಿ, ಮುಂಜಾನೆ ಪ್ರಾರ್ಥನೆಗೆ ಎದ್ದು, ಪಾತ್ರೆ ತೊಳೆಯುವ ಸರದಿ ಬಂದಾಗ ಮುಖ ಗಂಟುಹಾಕದೆ ಇರುತ್ತೀರಾ?

ಕಾನೂನಿಗೂ ಅವಸರವಿಲ್ಲ. ಮೊದಲು ನೊವಿಷಿಯೇಟ್, ಅಂದರೆ ಸಭೆಯ ಬದುಕನ್ನು ಕಲಿತು ಪರೀಕ್ಷಿಸಿ ನೋಡುವ ಕಾಲ. ನೊವಿಷಿಯೇಟ್‌ಗೆ ಸೇರಲು 17 ತುಂಬಿರಬೇಕು, ಅಲ್ಲಿ 12 ತಿಂಗಳಾದರೂ ಇರಬೇಕು. ಆಮೇಲೆ ತಾತ್ಕಾಲಿಕ ವ್ರತ, ಕನಿಷ್ಠ 3 ವರ್ಷ. ಜೀವನಪೂರ್ತಿಯ ವ್ರತಕ್ಕೆ 21 ಆಗಿರಲೇಬೇಕು. ನೊವಿಷಿಯೇಟ್‌ನಲ್ಲಿ ಇರುವಷ್ಟು ದಿನ ಹುಡುಗ ಯಾವಾಗ ಬೇಕಾದರೂ ಹೊರಡಬಹುದು, ಸಭೆಯೂ ಕಳಿಸಬಹುದು. ಹಾಗೆ ಬಂದವನನ್ನು ನಮ್ಮ ಕಡೆ "ಓಡಿ ಬಂದ" ಅಂತ ಆಡಿಕೊಳ್ಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಪರೀಕ್ಷೆ ಮಾಡಿ ನೋಡಲೆಂದೇ ಇಟ್ಟ ವರ್ಷ ಅದು. ಅವನು ನೋಡಿದ, ಬಂದ. ಅಷ್ಟೇ.

ಮನಸ್ಸಿರುವವರು ನಿಮ್ಮ ಧರ್ಮಕೇಂದ್ರದ, ಅಂದರೆ ನಿಮ್ಮೂರ ಚರ್ಚಿನ, ಫಾದರ್ ಹತ್ತಿರ ಮಾತಾಡಿ. ಜ್ಞಾನಸ್ನಾನ (ಬ್ಯಾಪ್ಟಿಸಂ), ದೃಢೀಕರಣ (ಕನ್ಫರ್ಮೇಶನ್) ಆದದ್ದರ ಪತ್ರಗಳು ಮುಂದೆ ಬೇಕಾಗುತ್ತವೆ, ಅವನ್ನೂ ಕೇಳಿಕೊಳ್ಳಿ. ಹಲವು ಸಭೆಗಳು ರಜೆಯಲ್ಲಿ ಹುಡುಗರನ್ನು ಕೆಲವು ದಿನ ಕರೆಸಿ ಇರಿಸಿಕೊಳ್ಳುತ್ತವೆ. ಹೋಗುವಾಗ ಆದರೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಹಬ್ಬಕ್ಕೆ ಮನೆಗೆ ಬಿಡುತ್ತೀರಾ, ನಮಗೆ ಹುಷಾರು ತಪ್ಪಿದರೆ ಬರಬಹುದಾ, ಇಂಥವನ್ನೆಲ್ಲ ಅವರೇ ಕೇಳಲಿ.