ಹುಬ್ಬಳ್ಳಿ ಗಾಳದವರ ದೊಡ್ಡ ಮೀನೆಲ್ಲ ದಸರಾ-ದೀಪಾವಳಿಗೇ ಯಾಕೆ ಬೀಳುತ್ತೆ?

(ಕ್ಯಾಮೆರಾ ಎದುರು)

ನಮಸ್ಕಾರ ರೀ. ಹುಬ್ಬಳ್ಳಿ-ಧಾರವಾಡದಲ್ಲಿ ಸಮುದ್ರ ಇಲ್ಲ, ಆದರೆ ಸಮುದ್ರದ ಗಾಳದ ಹುಚ್ಚು ಹಿಡಿದವರು ಬೇಕಾದಷ್ಟಿದ್ದಾರೆ. ಶನಿವಾರ ರಾತ್ರಿ ರಾಡ್ ಕಟ್ಟಿಕೊಂಡು ಹೊರಟರೆ ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ. ಸುಮಾರು 140 ಕಿಲೋಮೀಟರ್. ಇವರಿಗೆ ಒಂದು ಕಪ್ ಚಹಾ ಕೊಡಿಸಿ ಹಳೇ ಮೀನಿನ ಮಾತು ತೆಗೆಯಿರಿ. ಶುರುವಾಗುತ್ತೆ.

"ಲೇ, ಆ ವರ್ಷ ದಸರಾ ಮುಂದ ಗಂಗಾವಳಿ ಅಳಿವ್ಯಾಗ ಬಿದ್ದಿತ್ತಲ್ಲ, ರೀಲಿನ ದಾರ ಪೂರಾ ಎಳಕೊಂಡು ಹೋತು!"

ಇನ್ನೊಬ್ಬರದು ದೀಪಾವಳಿ ಹೊತ್ತಿನ ಕಥೆ. ಜಾಗ ಮತ್ತೆ ಅಳಿವೆಯೇ. ವರ್ಷ ಬೇರೆ, ಮೀನು ಬೇರೆ, ಹಂಗಾಮು ಮಾತ್ರ ಒಂದೇ. ಯಾಕೆ?

(ತೆರೆಯ ಮೇಲೆ: ನಕ್ಷೆ)

ಅಳಿವೆ ಅಂದರೆ ನದಿ ಸಮುದ್ರ ಸೇರುವ ಬಾಯಿ, ಅದು ನಿಮಗೆ ಗೊತ್ತು. ಈ ಗಂಗಾವಳಿ ಎಲ್ಲಿಂದ ಬರುತ್ತೆ ನೋಡಿ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಹೋಗುವ ಬೇಡ್ತಿ, ಎರಡೂ ಕಲಘಟಗಿ ಹತ್ತಿರ ಸೇರುತ್ತವೆ. ಮುಂದೆ ಮಾಗೋಡಿನಲ್ಲಿ ಧುಮುಕಿ, ಅಂಕೋಲಾ-ಗೋಕರ್ಣದ ನಡುವೆ ಸಮುದ್ರಕ್ಕೆ. ನಮ್ಮೂರಿನ ಪೂರ್ವಕ್ಕೆ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣೆಹಳ್ಳ ಹಿಡಿದು ಮಲಪ್ರಭೆಗೆ ಹೋಗುತ್ತೆ. ಪಶ್ಚಿಮಕ್ಕೆ ಬಿದ್ದದ್ದು ನಿಮಗಿಂತ ಮೊದಲೇ ಅಂಕೋಲಾ ಕಡೆ ಹೊರಟಿರುತ್ತೆ. ಪೆಟ್ರೋಲ್ ಖರ್ಚೂ ಇಲ್ಲ.

ಜೂನ್-ಜುಲೈನಲ್ಲಿ ಈ ನೀರು ಕೆಂಪಗೆ ನುಗ್ಗುತ್ತೆ, ಸಮುದ್ರವೂ ಕೆರಳಿರುತ್ತೆ. ಆಗ ಗಾಳ ಹಾಕುವ ಮಾತೇ ಇಲ್ಲ. ಮಳೆ ಇಳಿದ ಮೇಲೆ ನೀರು ತಿಳಿಯಾಗಿ, ಉಪ್ಪು ಮತ್ತೆ ನದಿಯೊಳಗೆ ಏರುತ್ತೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಬೇರಿನ ಸಂದಿಯಲ್ಲಿ ಸಿಗಡಿ, ಸಣ್ಣ ಶೆವಟೆ ಮೀನು ತುಂಬಿರುತ್ತವೆ. ಇಳಿತ ಶುರುವಾದರೆ ಇವೆಲ್ಲ ನೀರಿನ ಜೊತೆ ಹೊರಗೆ ಬರಲೇಬೇಕು. ದೊಡ್ಡ ಮೀನು ಅಳಿವೆ ಬಾಯಲ್ಲಿ ಕಾದು ನಿಂತಿರುತ್ತೆ, ನಮ್ಮ ಹೊಸ ಬಸ್‌ಸ್ಟ್ಯಾಂಡ್ ಗೇಟಿನಲ್ಲಿ ಆಟೋದವರು ನಿಂತ ಹಾಗೆ. ಒಳಗೆ ಹೋಗಿ ಹುಡುಕುವ ಕಷ್ಟ ಯಾಕೆ?

(ತೆರೆಯ ಮೇಲೆ: ಚೋಣಕ್ ಮೀನಿನ ಚಿತ್ರ)

ಈಗ ನಾನು ಈ ವಿಡಿಯೋ ಮಾಡಿದ್ದೇ ಯಾವ ವಿಷಯಕ್ಕೋ ಅದು. ಈ ಕಥೆಗಳ ಹೀರೋ ಹೆಚ್ಚಾಗಿ ಚೋಣಕ್. ಹೋಟೆಲ್ ಮೆನುವಿನಲ್ಲಿ ಬರಾಮುಂಡಿ ಅಂತ ಇರುತ್ತಲ್ಲ, ಅದೇ. ನಮ್ಮವರು ಹೇಳುವ ಧಾಟಿ ಕೇಳಿದ್ದೀರಾ? "ಏನ್ ಗಂಡು ಮೀನಲೇ ಅದು! ಮೈಯೆಲ್ಲ ಹುರಿಗಟ್ಟಿತ್ತು!"

ಸ್ವಲ್ಪ ತಡೀರಿ.

ಚೋಣಕ್ ಸಾಮಾನ್ಯವಾಗಿ ಮೊದಲು ಗಂಡಾಗಿ ಬೆಳೆಯುತ್ತೆ. ಕೆಲವು ವರ್ಷ ಗಂಡಾಗಿಯೇ ಸಂಸಾರ ಮಾಡುತ್ತೆ. ಆಮೇಲೆ ಹೆಣ್ಣಾಗುತ್ತೆ! ಕಾಯಿಲೆ ಅಲ್ಲ, ಅಪರೂಪವೂ ಅಲ್ಲ, ಅದರ ಬಾಳೇ ಹಾಗೆ. ಒಂದು ಮೀಟರ್ ಹತ್ತಿರ ಬಂದ ಚೋಣಕ್ ಬಹುಪಾಲು ಹೆಣ್ಣೇ. ಅಂದರೆ ಗಂಡುಮೆಟ್ಟಿದ ನಾಡಿನಿಂದ ಘಾಟ್ ಇಳಿದು ಹೋದ ನಮ್ಮ ವೀರರನ್ನು ಅರ್ಧ ತಾಸು ಮಂಡಿ ನೀರಿನಲ್ಲಿ ಎಳೆದಾಡಿಸಿದ್ದು ಒಬ್ಬ ಅಮ್ಮ. ಹಿಂದೊಮ್ಮೆ ಅಪ್ಪನೂ ಆಗಿದ್ದ ಅಮ್ಮ.

ಇದರಲ್ಲಿ ಲೆಕ್ಕಾಚಾರವಿದೆ. ಗಂಡಿನ ಕೆಲಸಕ್ಕೆ ದೊಡ್ಡ ದೇಹ ಬೇಕಿಲ್ಲ, ಸಣ್ಣ ಮೀನೇ ಸಾಕು. ಮೊಟ್ಟೆಗೆ ಮಾತ್ರ ಹೊಟ್ಟೆಯಲ್ಲಿ ಜಾಗ ಬೇಕು. ದೇಹ ದೊಡ್ಡದಾದಷ್ಟೂ ಮೊಟ್ಟೆ ಜಾಸ್ತಿ. ಭಾರೀ ಹೆಣ್ಣೊಂದು ಒಂದು ಹಂಗಾಮಿನಲ್ಲಿ ಹಾಕುವ ಮೊಟ್ಟೆ ಲಕ್ಷದ ಲೆಕ್ಕವಲ್ಲ, ಕೋಟಿಯದು. ಹಾಗಾಗಿ ಚಿಕ್ಕವನಿದ್ದಾಗ ಗಂಡು, ಬೆಳೆದ ಮೇಲೆ ಹೆಣ್ಣು. ಗೋಬ್ರೊ, ಅಂದರೆ ಗ್ರೂಪರ್ ಜಾತಿಯ ಎಷ್ಟೋ ಮೀನುಗಳಲ್ಲಿ ಇದು ಉಲ್ಟಾ. ಅಲ್ಲಿ ಮೊದಲು ಹೆಣ್ಣು, ಆಮೇಲೆ ಗಂಡು. ಇವೆರಡಕ್ಕೂ ಜಾತಕ ಕೂಡಿಸುವವರ ಗತಿ ಏನು ಅಂತ ಯೋಚಿಸಿ ನಾನು ಸುಮ್ನೆ ನಕ್ಕಿದ್ದೇನೆ.

ಮೊಟ್ಟೆ ಇಡುವುದಕ್ಕೆ ಚೋಣಕ್ ಅಳಿವೆಯ ಉಪ್ಪುನೀರಿಗೇ ಬರಬೇಕು, ಅದೂ ಮಳೆಗಾಲದ ಆಸುಪಾಸಿನಲ್ಲಿ. ಮರಿಗಳು ಆಮೇಲೆ ನದಿಯಲ್ಲಿ ಮೇಲಕ್ಕೆ ಹೋಗುತ್ತವೆ. ಈಗ ದಸರಾ ಕಥೆ ಕೂಡಿ ಬಂತಲ್ವಾ? ದೊಡ್ಡ ಹೆಣ್ಣುಗಳು ಬಾಯಿಯ ಹತ್ತಿರವೇ ಇರುತ್ತವೆ, ಊಟ ತಾನಾಗಿ ಹರಿದು ಬರುತ್ತೆ, ನಮ್ಮವರಿಗೆ ಹಬ್ಬದ ರಜೆ. ಮೂರೂ ಒಟ್ಟಿಗೆ.

ಹಾಗಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಬೈಯುವವರು ಬೈಯಿರಿ. ಮೀಟರ್ ದಾಟಿದ್ದನ್ನು ನೀರಿಗೆ ಬಿಡಿ. ಊಟಕ್ಕೆ ಮಧ್ಯಮ ಗಾತ್ರದ್ದೇ ರುಚಿ. ಫೋಟೋಗೆ ಎತ್ತುವಾಗ ಬರೀ ದವಡೆ ಹಿಡಿದು ನೇತುಹಾಕಬೇಡಿ, ಹೊಟ್ಟೆ ಕೆಳಗೂ ಕೈ ಕೊಡಿ.

(ವೇಗವಾಗಿ)

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಚಕಚಕನೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತ ಉಬ್ಬರ-ಇಳಿತ ಜೋರು, ಆ ದಿನಗಳ ನೆನಪೂ ಜೋರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನಿಗೆ ಸ್ವಲ್ಪ ಬಿಡುವು. ದಾಖಲೆ ಕೇಳುವವರಿಗೆ: 2010ರಲ್ಲಿ ಆಸ್ಟ್ರೇಲಿಯಾದಲ್ಲಿ 44 ಕೆಜಿ ದಾಟಿದ ಬರಾಮುಂಡಿ ಸಿಕ್ಕಿತ್ತು. ಅದು ಸಮುದ್ರದ್ದಲ್ಲ, ಅಣೆಕಟ್ಟಿಗೆ ಮರಿ ಬಿಟ್ಟು ಬೆಳೆಸಿದ್ದು. ಅಲ್ಲಿ ತಿಂದು ಕೊಬ್ಬುತ್ತೆ, ಸಂತಾನ ಮಾತ್ರ ಆಗಲ್ಲ.

ಕೊನೆಗೆ, ಕಥೆಯಲ್ಲಿ ಮೀನು ಯಾಕೆ ಬೆಳೆಯುತ್ತೆ? ಮೀನಿನ ಉದ್ದ ಕಾಲು ಭಾಗ ಹೆಚ್ಚಾದರೆ ತೂಕ ಸುಮಾರು ಡಬಲ್. ಅರವತ್ತು ಸೆಂಟಿಮೀಟರನ್ನು ಎಪ್ಪತ್ತೈದು ಅಂದರೆ ಸಾಕು, ಒಂದು ಗೇಣಿಗೂ ಕಮ್ಮಿ ಸುಳ್ಳು, ಮೂರು ಕೆಜಿಯ ಮೀನು ಆರರ ಹತ್ತಿರ ಹೋಗುತ್ತೆ.

ನಿಮ್ಮ ಮೀನಿನ ಫೋಟೋ ಕಳಿಸಿ, ಮುಂದಿನ ವಿಡಿಯೋದಲ್ಲಿ ಹಾಕುತ್ತೇನೆ. ಪಕ್ಕದಲ್ಲಿ ಟೇಪ್ ಇರಲಿ. ಕೈ ಮುಂದೆ ಚಾಚಿ ತೆಗೆದದ್ದು ನಡೆಯಲ್ಲ.