ಟ್ಯಾಕ್ಸ್ ಇಲ್ಲದ ಬಾಂಡ್ ಅಮೆರಿಕದಲ್ಲಿ ಯಾರ ಪಾಲಿಗೆ?

ನಮಸ್ಕಾರ ಎಲ್ರಿಗೂ. ಅಮೆರಿಕದಲ್ಲಿ ಒಬ್ಬ ಬಿಲ್ಡರ್ ಕಮ್ಮಿ ಬಾಡಿಗೆ ಅಪಾರ್ಟ್‌ಮೆಂಟ್ ಕಟ್ತೀನಿ ಅಂದ್ರೆ ಅವನಿಗೋಸ್ಕರ ಸರ್ಕಾರಿ ಸಂಸ್ಥೆನೇ ಬಾಂಡ್ ಬಿಡಬಹುದು, ಅದನ್ನ ಕೊಂಡೋರಿಗೆ ಬರೋ ಬಡ್ಡಿ ಮೇಲೆ ಫೆಡರಲ್ ಇನ್‌ಕಮ್ ಟ್ಯಾಕ್ಸ್ ಇರಲ್ಲ, ಟ್ಯಾಕ್ಸೇ ಇಲ್ಲ ಅಂದ್ಮೇಲೆ ಕಮ್ಮಿ ಬಡ್ಡಿಗೂ ದುಡ್ಡು ಹಾಕೋರು ಸಿಗ್ತಾರೆ, ಬಿಲ್ಡರ್‌ಗೆ ಸಾಲ ಅಗ್ಗ ಆಗುತ್ತೆ. ಇದು ಪ್ರೈವೇಟ್ ಆಕ್ಟಿವಿಟಿ ಬಾಂಡ್.

ಹೊರೆ ಬೀಳೋದು ಫೆಡರಲ್ ಖಜಾನೆಗೆ. ಅದಕ್ಕೇ 1986ರ ಟ್ಯಾಕ್ಸ್ ಕಾನೂನು ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕ್ತು. 2025ಕ್ಕೆ ತಲೆಗೆ 130 ಡಾಲರ್, ಇಲ್ಲಾ ಒಟ್ಟು 38.878 ಕೋಟಿ ಡಾಲರ್, ಯಾವುದು ಜಾಸ್ತಿನೋ ಅದು. ಈಗ ನೋಡಿ, ವಯೋಮಿಂಗ್‌ನಲ್ಲಿ ಇರೋದೇ 6 ಲಕ್ಷಕ್ಕಿಂತ ಕಮ್ಮಿ ಜನ, ಅಲ್ಲಿ ತಲೆಗೆ 600 ಡಾಲರಿಗೂ ಜಾಸ್ತಿ ಬೀಳುತ್ತೆ, ಬಾಡಿಗೆ ಕಟ್ಟೋಕಾಗದೆ ಜನ ಒದ್ದಾಡೋ ಕ್ಯಾಲಿಫೋರ್ನಿಯಾಗೆ ಮಾತ್ರ ಅದೇ 130. ನನಗಂತೂ ಇದು ನ್ಯಾಯ ಅನ್ಸಲ್ಲ.

ಇದೇ ದುಡ್ಡಿಗೆ ಮೊದಲ ಮನೆ ಕೊಳ್ಳೋರ ಸಾಲ, ಸ್ಟೂಡೆಂಟ್ ಲೋನ್, ಸಣ್ಣ ಫ್ಯಾಕ್ಟರಿ, ಕಸ ವಿಲೇವಾರಿ ಘಟಕ ಎಲ್ಲಾ ಪೈಪೋಟಿಗೆ ಬರುತ್ತೆ. ಏರ್‌ಪೋರ್ಟು, ಲಾಭಕ್ಕಲ್ಲದ ಆಸ್ಪತ್ರೆಗಳು ಈ ಮಿತಿಯ ಹೊರಗೆ.

ಹಂಚೋದು ರಾಜ್ಯಗಳ ಕೆಲಸ. ಟೆಕ್ಸಸ್‌ನಲ್ಲಿ ಯಾವ ಬಾಬ್ತಿಗೆ ಎಷ್ಟು ಪಾಲು ಅಂತ ಕಾನೂನಲ್ಲೇ ಇದೆ, ಅರ್ಜಿಗಳ ಸರದಿಗೆ ಲಾಟರಿ ಎತ್ತುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೇ ಒಂದು ಕಮಿಟಿ ಇದೆ, ಅದು ಪಾಯಿಂಟ್ಸ್ ಕೊಟ್ಟು ಆರಿಸುತ್ತೆ. ಲಾಟರಿಯಲ್ಲಿ ವಶೀಲಿ ನಡೆಯಲ್ಲ ನಿಜ, ಆದ್ರೆ ಯಾವ ಪ್ರಾಜೆಕ್ಟಿಂದ ಜಾಸ್ತಿ ಬಡ ಕುಟುಂಬಗಳಿಗೆ ಮನೆ ಸಿಗುತ್ತೆ ಅಂತ ಲಾಟರಿ ನೋಡಲ್ಲ. ಪಾಯಿಂಟ್ಸ್ ಇದ್ರೆ ಬಿಲ್ಡರ್‌ಗಳು ಪಾಯಿಂಟ್ಸಿಗೆ ತಕ್ಕಂಗೆ ಪ್ಲ್ಯಾನ್ ಮಾಡ್ತಾರೆ ಅನ್ನೋ ದೂರಿದೆ, ಆದ್ರೂ ಯಾವುದಕ್ಕೆ ಎಷ್ಟು ಪಾಯಿಂಟ್ ಅಂತ ಜನ ಪ್ರಶ್ನೆ ಕೇಳಬಹುದಲ್ಲ, ಅದಕ್ಕೇ ನಾನು ಪಾಯಿಂಟ್ಸ್ ಪರ.

ಆದ್ರೆ ನಿಜವಾದ ಬಿಗಿ ಇನ್ನೊಂದು ಕಡೆ ಇತ್ತು. ಬಡವರ ಮನೆಗೆ ಸಿಗೋ 4% ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ಕಟ್ಟಬೇಕಾದ ಫೆಡರಲ್ ಟ್ಯಾಕ್ಸಲ್ಲಿ ಸಿಗೋ ಕಡಿತ, ಪೂರ್ತಿ ಬೇಕು ಅಂದ್ರೆ ಜಾಗ, ಕಟ್ಟಡ ಸೇರಿ ಖರ್ಚಿನ ಕನಿಷ್ಠ 50% ಈ ಬಾಂಡಿಂದಲೇ ಬರಬೇಕಿತ್ತು. ಅಷ್ಟು ಸಾಲ ಬೇಡದವರೂ ಕ್ರೆಡಿಟ್ ಆಸೆಗೆ ತಗೊಳ್ತಿದ್ರು, ಮಿತಿ ಬೇಗ ಖಾಲಿ ಆಗ್ತಿತ್ತು, ಹಿಂದೆ ನಿಂತವರು ಇನ್ನೊಂದು ರೌಂಡ್ ಕಾಯಬೇಕಿತ್ತು. 2025ರ ಜುಲೈನಲ್ಲಿ ಬಂದ ಕಾನೂನು ಇದನ್ನ 25%ಗೆ ಇಳಿಸಿದೆ, 2026ರಿಂದ ಜಾರಿ. ಲೆಕ್ಕದಲ್ಲಿ ಅದೇ ಬಾಂಡಿಗೆ ಹತ್ತತ್ರ ಎರಡರಷ್ಟು ಪ್ರಾಜೆಕ್ಟ್, ಆದ್ರೆ ಉಳಿದ ಖರ್ಚಿಗೆ ಬೇರೆ ಸಾಲ, ರಾಜ್ಯದ ನೆರವು ಹೊಂದಿಸ್ಕೊಂಡ್ರೆ ಮಾತ್ರ.

ಒಂದು ವರ್ಷ ಬಳಸದೆ ಉಳಿದಿದ್ದನ್ನ ಇಂಥದ್ದಕ್ಕೆ ಅಂತ ಹೇಳಿ 3 ವರ್ಷ ಮುಂದಕ್ಕೆ ಒಯ್ಯಬಹುದು, ಆಮೇಲೆ ಹೋಯ್ತು. ಹಾಗಾಗಿ ಈಗ ಬಿಡುವಾಗೋ ಪಾಲನ್ನ ರಾಜ್ಯಗಳು ಮತ್ತೆ ಮನೆಗೇ ಕೊಡ್ತಾವಾ, ಫ್ಯಾಕ್ಟರಿಗಳಿಗೆ ತಿರುಗಿಸ್ತಾವಾ, ಅದರ ಜಗಳ ಇನ್ಮೇಲೆ ಶುರು.