ಜೊಂಡಿನ ಶಿಲುಬೆ: ಸಂತ ಬ್ರಿಜಿಡ್ ಹಬ್ಬವನ್ನ ಮನೇಲಿ ಮಾಡೋದು ಹೀಗೆ

ಐರ್ಲೆಂಡಿನಲ್ಲಿ ಫೆಬ್ರವರಿ 1 ಸಂತ ಬ್ರಿಜಿಡ್ ಹಬ್ಬ. ಕ್ರೈಸ್ತ ಧರ್ಮ ಆ ನೆಲಕ್ಕೆ ಬರೋ ಮುಂಚೆ ಅದೇ ದಿನ ಇಂಬೋಲ್ಕ್, ಅಂದ್ರೆ ವಸಂತದ ಶುರು. ಕುರಿಗಳು ಮರಿ ಹಾಕೋ, ಮನೇಲಿ ಮತ್ತೆ ಹಾಲು ಕಾಣೋ ಕಾಲ. 2023ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆನೂ ಸಿಕ್ಕಿದೆ. ಡಬ್ಲಿನ್ ಕಡೆ ಇರೋ ಕನ್ನಡದ ಮನೆಗಳಿಗೂ ಮಕ್ಕಳ ಕೈಯಲ್ಲಿ ಶಾಲೆಯಿಂದ ಈ ಹಬ್ಬಕ್ಕೆ ಜೊಂಡಿನಲ್ಲಿ ಹೆಣೆಯೋ ಶಿಲುಬೆ ಬರುತ್ತೆ.

ಬ್ರಿಜಿಡ್ ಅಂದ್ರೆ ಯಾರು? ಈ ಹೆಸರು ಒಬ್ಬ ದೇವತೆಯದೂ ಹೌದು, ಒಬ್ಬ ಸಂತರದೂ ಹೌದು. ಹಳೆಯ ಐರಿಶ್ ನಿಘಂಟೊಂದು, ಕೊರ್ಮಾಕನ ಹೆಸರಲ್ಲಿರೋದು, ಆಕೆಯನ್ನ ಕವಿಗಳು ಆರಾಧಿಸ್ತಿದ್ದ ದೇವತೆ ಅನ್ನುತ್ತೆ. ಅದೇ ಹೆಸರಿನ ಇಬ್ಬರು ಅಕ್ಕತಂಗಿಯರೂ ಆಕೆಗಿದ್ರು. ಒಬ್ಬಳದು ವೈದ್ಯಕೆಲಸ, ಇನ್ನೊಬ್ಬಳದು ಕಮ್ಮಾರಿಕೆ. ಕಿಲ್ಡೇರ್‌ನಲ್ಲಿ ಮಠ ಕಟ್ಟಿದ ಸಂತ ಬ್ರಿಜಿಡ್‌ರ ಕಥೆಗಳಲ್ಲೂ ಹಾಲು, ಬೆಣ್ಣೆ, ದನಕರು, ಬೆಂಕಿನೇ ತುಂಬಿವೆ. ಕಿಲ್ಡೇರ್‌ನ ಸನ್ಯಾಸಿನಿಯರು ಒಂದು ಬೆಂಕಿಯನ್ನ ಆರದ ಹಾಗೆ ಕಾಯ್ತಿದ್ರು ಅಂತ 12ನೇ ಶತಮಾನದಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಅನ್ನೋ ಪಾದ್ರಿ ಬರೆದಿದ್ದಾನೆ. ಆ ಜ್ಯೋತಿಯನ್ನ ಅಲ್ಲೇ 1993ರಲ್ಲಿ ಬ್ರಿಜಿಡ್ ಹೆಸರಿನ ಸಭೆಯ ಸನ್ಯಾಸಿನಿಯರಾದ ಬ್ರಿಜಿಡೀನ್ ಸಿಸ್ಟರ್‌ಗಳು ಮತ್ತೆ ಹಚ್ಚಿದ್ರು.

ಪೇಗನ್, ಅಂದ್ರೆ ಕ್ರೈಸ್ತ ಧರ್ಮ ಬರೋ ಮುಂಚಿನ, ಆಚರಣೆ ಕ್ರೈಸ್ತ ಮನೆಗೆ ಯಾಕೆ ಅಂತ ಕೇಳೋರಿಗೆ ಒಂದು ಮಾತು. ಇಂಗ್ಲೆಂಡಿನ ಹಳೆಯ ಗುಡಿಗಳನ್ನ ಕೆಡವಬೇಡಿ, ತೀರ್ಥ ಚಿಮುಕಿಸಿ ಬಳಸಿ, ಜನ ಎತ್ತು ಬಲಿ ಕೊಡೋ ಬದಲು ದೇವರನ್ನ ಸ್ತುತಿಸಿ ಹಬ್ಬದೂಟ ಮಾಡಲಿ ಅಂತ ಪೋಪ್ ಗ್ರೆಗರಿ 601ರಲ್ಲೇ ಪತ್ರ ಬರೆದ್ರು. ಜನರ ಸಂತೋಷವನ್ನ ಕಿತ್ಕೊಂಡು ನಂಬಿಕೆ ಬೆಳೆಸೋಕಾಗಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ನಾವೂ ಆ ಮಾತನ್ನ ಪೂರ್ತಿ ಒಪ್ತೀವಿ.

ಈಗ ಕೆಲಸಕ್ಕೆ ಬರೋಣ. ಐರ್ಲೆಂಡಿನ ತೇವದ ಹೊಲಗಳಲ್ಲಿ ಬೆಳೆಯೋ ರಷ್ ಅನ್ನೋ ಜೊಂಡು ಬೇಕು: ದುಂಡಗೆ, ಹಸಿರಾಗಿ, ಒಳಗೆ ಬೆಂಡಿನಂಥ ಬಿಳಿ ತಿರುಳು. ಜನವರಿ 31ರ ಸಂಜೆ ಇದನ್ನ ಕುಡುಗೋಲಿನಿಂದ ಕೊಯ್ಯದೆ ಕೈಯಿಂದಲೇ ಕೀಳೋದು ಸಂಪ್ರದಾಯ. 40 ಸೆಂಟಿಮೀಟರ್ ಉದ್ದದ 25 ಕಡ್ಡಿ ಸಾಕು, ನಡುವಿಗೆ 1, ನಾಲ್ಕು ತೋಳಿಗೆ ಆರಾರು. ಕೆಲವು ಮುರಿಯಬಹುದು, ನಾಲ್ಕೈದು ಜಾಸ್ತಿನೇ ತನ್ನಿ.

ಈಗ ಹೆಣೆಯೋದು ನೋಡಿ. ಒಂದು ಕಡ್ಡಿ ನೆಟ್ಟಗೆ ಹಿಡೀರಿ. ಎರಡನೆಯದನ್ನ ಅರ್ಧಕ್ಕೆ ಮಡಚಿ ಮೊದಲನೆಯದರ ನಡುವಿಗೆ ಸಿಕ್ಕಿಸಿ, ಎರಡೂ ತುದಿ ಬಲಕ್ಕಿರಲಿ. ಇಡೀ ಕಟ್ಟನ್ನ ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದ ತುದಿಗಳು ಮೇಲಕ್ಕೆ ಬಂದ್ವು. ಮುಂದಿನ ಕಡ್ಡಿಯನ್ನ ಮಡಚಿ, ಮೇಲಕ್ಕಿರೋ ಎಲ್ಲ ಕಡ್ಡಿಗಳನ್ನೂ ಒಳಗೆ ಸೇರಿಸ್ಕೊಂಡು ಮತ್ತೆ ಬಲಕ್ಕೆ ಎಳೀರಿ. ತಿರುಗಿಸಿ, ಮಡಚಿ, ಎಳೀರಿ, ಅಷ್ಟೇ. ಮೂರು ನಾಲ್ಕು ಸುತ್ತು ಆದ ಮೇಲೆ ನಡುವೆ ಒಂದು ಚೌಕ ಮೂಡುತ್ತೆ.

ಕೆಡೋದು ಎಲ್ಲಿ ಅಂದ್ರೆ ಈ ಚೌಕದಲ್ಲೇ. ಪ್ರತಿ ಮಡಿಕೆಯನ್ನ ಅದರ ಮುಂದಿನ ಮಡಿಕೆ ಹಿಡ್ಕೊಂಡಿರುತ್ತೆ. ಒಂದು ಸಲ ಉಲ್ಟಾ ತಿರುಗಿಸಿದ್ರೂ ಆ ಹಿಡಿತ ತಪ್ಪಿ, ಕಡ್ಡಿ ಜಾರಿ ಬರುತ್ತೆ. ಹಾಗಾಗಿ ಕೊನೆಯ ತೋಳು ಕಟ್ಟೋವರೆಗೂ ಹೆಬ್ಬೆರಳು ಚೌಕದ ಮೇಲಿಂದ ಏಳಬಾರದು. ಮಡಚಿದ ಕಡೆ ಸೀಳು ಬಿಟ್ರೆ ಜೊಂಡು ಒಣಗಿದೆ ಅಂತ. ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಮೆತ್ತಗಾಗುತ್ತೆ. ನಾಲ್ಕೂ ತೋಳಿನ ತುದಿಗೆ ದಾರ ಬಿಗಿದು ಕತ್ತರಿಯಿಂದ ಸಮ ಮಾಡಿ. ಹಸಿ ಜೊಂಡು ಒಣಗ್ತಾ ಕುಗ್ಗುತ್ತೆ, ದಾರ ಸಡಿಲ ಆಗುತ್ತೆ, ಒಂದು ವಾರದ ನಂತರ ಮತ್ತೊಮ್ಮೆ ಬಿಗೀಬೇಕು.

ಹಳ್ಳಿ ಮನೆಗಳಲ್ಲಿ ಇದು ಬರೀ ಕೈಕೆಲಸ ಆಗಿರಲಿಲ್ಲ. ಜೊಂಡಿನ ಹೊರೆ ಹೊತ್ತ ಹುಡುಗಿ ಹೊರಗಿಂದ ಬಾಗಿಲು ತಟ್ಟಿ, ಬ್ರಿಜಿಡ್ ಬಂದಿದ್ದಾರೆ, ಮಂಡಿಯೂರಿ, ಒಳಗೆ ಕರ್ಕೊಳ್ಳಿ ಅಂತ ಕೂಗೋಳು. ಒಳಗಿಂದ ಎಲ್ಲರೂ ಸ್ವಾಗತ ಹೇಳೋರು. ಊಟಕ್ಕೆ ಬೆಣ್ಣೆ ಹಾಕಿ ಮಸೆದ ಆಲೂಗಡ್ಡೆ. ಊಟ ಆದ್ಮೇಲೆ ಎಲ್ಲರೂ ಕೂತು ಶಿಲುಬೆ ಹೆಣೆಯೋದು, ತೀರ್ಥ ಚಿಮುಕಿಸಿ ಬಾಗಿಲ ಮೇಲೆ ಕಟ್ಟೋದು. ಅದೇ ರಾತ್ರಿ ಬಟ್ಟೆಯ ತುಂಡೊಂದನ್ನ ಹೊರಗೆ ಪೊದೆ ಮೇಲೆ ಹಾಸ್ತಾರೆ. ದಾಟಿ ಹೋಗೋ ಬ್ರಿಜಿಡ್ ಅದನ್ನ ಮುಟ್ಟಿ ಹರಸ್ತಾರೆ ಅನ್ನೋ ನಂಬಿಕೆ. ತಲೆನೋವು, ಗಂಟಲುನೋವು ಬಂದಾಗ ಅದನ್ನ ಸುತ್ಕೊಳ್ತಾರೆ.

ಇಲ್ಲಿ ಒಂದು ಗೆರೆ ಇದೆ. ಶಿಲುಬೆ ಕಟ್ಟಿದ್ರೆ ಮನೆಗೆ ಬೆಂಕಿ ಬೀಳೋದೇ ಇಲ್ಲ, ಬಟ್ಟೆ ಸುತ್ತಿದ್ರೆ ಔಷಧಿ ಬೇಡ ಅಂದ್ರೆ ಅದು ಪ್ರಾರ್ಥನೆ ಅಲ್ಲ. ಮನಸ್ಸಿನ ಭಕ್ತಿ ಬಿಟ್ಟು ಬರೀ ಹೊರಗಿನ ಕ್ರಿಯೆಗೇ ಶಕ್ತಿ ಇದೆ ಅನ್ನೋದು ಮೂಢನಂಬಿಕೆ ಅಂತ ಕಥೋಲಿಕ ಧರ್ಮೋಪದೇಶ ಗ್ರಂಥದ 2111ನೇ ಕಂಡಿಕೆ ಸ್ಪಷ್ಟವಾಗಿ ಹೇಳುತ್ತೆ. ಕಟ್ಟೋ ಮುಂಚೆ ಮನೆಯವರೆಲ್ಲ ಸೇರಿ ಯೇಸು ಕಲಿಸಿದ ಪರಲೋಕ ಜಪ ಒಂದು ಹೇಳಿ. ಹಬ್ಬದ ಮರುದಿನ, ಫೆಬ್ರವರಿ 2, ಚರ್ಚಿನಲ್ಲಿ ಮೇಣದಬತ್ತಿಗಳ ಆಶೀರ್ವಾದ. 3ಕ್ಕೆ ಸಂತ ಬ್ಲೇಸ್ ಹೆಸರಲ್ಲಿ ಗಂಟಲಿನ ಆಶೀರ್ವಾದ. ಮೂರೂ ದಿನ ಸೇರಿಸಿ ಮಾಡಿದ್ರೆ ಹಬ್ಬ ತುಂಬಿ ಬರುತ್ತೆ.

ನಮ್ಮೂರಲ್ಲಿ ಈ ಜೊಂಡು ಸಿಗದಿದ್ರೆ ತೆಂಗಿನ ಎಳೆ ಗರಿ ನಡೆಯುತ್ತೆ. ಗರಿಗಳ ಭಾನುವಾರಕ್ಕೆ ಶಿಲುಬೆ ಹೆಣೆದವರಿಗೆ ಕೈ ಪಳಗೇ ಇರುತ್ತೆ. ಗರಿಯ ನಡುವಿನ ಗಟ್ಟಿ ಕಡ್ಡಿ ತೆಗೆದು, ಒಂದೇ ಅಗಲಕ್ಕೆ ಸೀಳಿಕೊಳ್ಳಿ. ಗರಿ ಚಪ್ಪಟೆ ಇರೋದ್ರಿಂದ ಚೌಕ ತೆಳ್ಳಗೆ ಬರುತ್ತೆ, ಅದಕ್ಕೆ ತೋಳಿಗೆ ಎರಡು ಪಟ್ಟಿ ಜಾಸ್ತಿ ಹಾಕಿ.